ನೆಲದಲ್ಲಿ ನೆಲೆಗೊಳಿಸಿದ ನೀರು

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ 600 ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಆದರೂ ಬಾದಾಮಿಯ ಸಮೀಪ, ಗುಡ್ಡಗಳ ನಡುವಿನ ಮಹಾಕೂಟದಲ್ಲಿ ಬೇಸಿಗೆಯಲ್ಲೂ ಬತ್ತದ ಒರತೆಯೊಂದಿದೆ. ಸುಮಾರು 1400 ವರ್ಷಗಳ ಹಿಂದೆ ಚಾಲುಕ್ಯರ ಕಾಲದಲ್ಲಿ ಅಲ್ಲಿ ದೇಗುಲಗಳು ಎದ್ದವು. ಅಲ್ಲಿನ ಕೊಳ ಇಂದಿಗೂ ಆ ಒರತೆಯಿಂದಲೇ ತುಂಬುತ್ತದೆ.

ಇಂಥ ಒಣ ಸೀಮೆಯಲ್ಲಿ ಒರತೆ ಉಳಿಯುವುದು ಹೇಗೆ? ಗುಡ್ಡದ ಮೇಲೆ ಬಿದ್ದ ಮಳೆಯನ್ನು ಹುಲ್ಲು, ಕುರುಚಲು ಗಿಡ, ತರಗೆಲೆಗಳು ತಡೆಯುತ್ತವೆ. ಮಣ್ಣು ಅದನ್ನು ಹೀರುತ್ತದೆ. ಮರಳುಗಲ್ಲಿನ ಬಿರುಕುಗಳಲ್ಲಿ ಇಳಿದ ನೀರು ತಪ್ಪಲಿನಲ್ಲಿ ಮೆಲ್ಲನೆ ಹೊರಬರುತ್ತದೆ. ಪವಿತ್ರ ಕುರ್‌ಆನಿನ ‘ಅಲ್ ಮೂಮಿನೂನ್’ ಅಧ್ಯಾಯದ 18ನೆಯ ಸೂಕ್ತದಲ್ಲಿ ಅಲ್ಲಾಹನು, ತಾನು ಒಂದು ಅಳತೆಯಲ್ಲಿ ಮಳೆ ಇಳಿಸಿ ಅದನ್ನು ಭೂಮಿಯಲ್ಲಿ ನೆಲೆಗೊಳಿಸಿದ್ದನ್ನು ನೆನಪಿಸುತ್ತಾನೆ. ಅದನ್ನು ಹಿಂತೆಗೆದುಕೊಳ್ಳಲು ಶಕ್ತನೆಂದೂ ಎಚ್ಚರಿಸುತ್ತಾನೆ.

ಬರವೂ ನೆರೆಯೂ ಈ ನಾಡಿಗೆ ಹೊಸತಲ್ಲ. 2009ರಲ್ಲಿ ಮತ್ತು 2019ರಲ್ಲಿ ಮಲಪ್ರಭೆಯ ನೆರೆ ಊರುಗಳಿಗೇ ನುಗ್ಗಿತು. ಇಂಥ ಪೆಟ್ಟನ್ನು ತಾಳಿಕೊಳ್ಳುವ ಶಕ್ತಿಯನ್ನು ಅಲ್ಲಾಹನು ಸೃಷ್ಟಿಯೊಳಗೇ ಇಟ್ಟಿದ್ದಾನೆ. ಬರ ಬಂದರೆ ಗಿಡ ಎಲೆ ಉದುರಿಸಿ ಜೀವ ಹಿಡಿದುಕೊಳ್ಳುತ್ತದೆ. ಮೇಲೆ ಒಣಗಿದ ಹುಲ್ಲಿನ ಬೇರು ಮೊದಲ ಮಳೆಗೇ ಚಿಗುರುತ್ತದೆ.

ಆದರೆ ಈ ಶಕ್ತಿಗೂ ಒಂದು ಮಿತಿಯಿದೆ. ವರ್ಷವೂ ಗುಡ್ಡಕ್ಕೆ ಬೆಂಕಿ ಬಿದ್ದರೆ, ಚಿಗುರಿಗೆ ಬಿಡುವು ಕೊಡದೆ ಮೇಯಿಸಿದರೆ, ಗಿಡಗಳನ್ನು ಬುಡಸಮೇತ ಕಡಿದರೆ ಮಣ್ಣು ಕೊಚ್ಚಿಹೋಗುತ್ತದೆ. ಆಮೇಲೆ ಮಳೆ ಬಂದರೂ ನೀರು ನಿಲ್ಲದು. ಇಂಗುವುದಕ್ಕಿಂತ ಹೆಚ್ಚು ನೀರನ್ನು ಕೊಳವೆಬಾವಿಗಳಿಂದ ಎತ್ತಿದರೆ ಒರತೆ ಸೊರಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಲೋಕಪ್ರಸಿದ್ಧವಾಗಿದೆ. ಆ ಕೆಲಸ ಎಷ್ಟೋ ಮನೆಗಳ ಅನ್ನವೂ ಹೌದು. ಆದರೆ ಕಡಿದ ಮರ ಮತ್ತೆ ಬೆಳೆದೀತು, ಒಡೆದ ಗುಡ್ಡ ಬೆಳೆಯದು. ದುಡಿಮೆ ಹಲಾಲ್ ಆದರೆ ಸಾಲದು, ಅದಕ್ಕೆ ಅಳತೆಯೂ ಬೇಕು. ಬರ ಅಲ್ಲಾಹನ ಪರೀಕ್ಷೆ ನಿಜ. ಆದರೆ ನಮ್ಮ ಕೈಯಾರೆ ಮಾಡಿದ ಹಾಳನ್ನು ಪರೀಕ್ಷೆಯೆಂದು ಕರೆದು ಸಮಾಧಾನ ಪಡುವುದು ಸತ್ಯವಿಶ್ವಾಸಿಗೆ ಒಪ್ಪುವ ಮಾತಲ್ಲ. ನೆಲದಲ್ಲೂ ಕಡಲಲ್ಲೂ ಕಾಣುವ ಕೆಡುಕಿಗೆ ಮನುಷ್ಯರ ಕೈಗಳೇ ಕಾರಣವೆಂದು ‘ಅರ್‍ರೂಮ್’ ಅಧ್ಯಾಯ ತಿಳಿಸುತ್ತದೆ.

ನೀರು, ಹುಲ್ಲು ಮತ್ತು ಬೆಂಕಿಯಲ್ಲಿ ಜನರೆಲ್ಲರೂ ಪಾಲುದಾರರೆಂದು ಪ್ರವಾದಿವರ್ಯರು(ಸ) ಕಲಿಸಿದರು. ಒರತೆ ಕುಡಿಯಬಂದವನ ಜಾತಿ ಧರ್ಮ ಕೇಳುವುದಿಲ್ಲ. ಮಹಾಕೂಟದ ಗುಡ್ಡ ಉಳಿದರೆ ಅದರ ಫಲ ನೆರೆಹೊರೆಯವರಿಗೆಲ್ಲ, ಹಕ್ಕಿಪಕ್ಷಿಗಳಿಗೂ ಸೇರಿದ್ದು. ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ತಿಂದದ್ದೆಲ್ಲ ನೆಟ್ಟವನಿಗೆ ಸದಕಾ ಆಗುವುದೆಂಬ ಹದೀಸನ್ನು ನೀವು ಕೇಳಿಯೇ ಇರುವಿರಿ.

ಆದ್ದರಿಂದ ಸಹೋದರ ಸಹೋದರಿಯರೇ, ಮನೆಯಿಂದಲೇ ಆರಂಭಿಸಿರಿ. ವುಝೂ ಮಾಡುವಾಗ ನಳ ತಿರುಗಿಸಿಟ್ಟು ಮಾತಿಗೆ ನಿಲ್ಲಬೇಡಿರಿ. ಮಸೀದಿಯ ವುಝೂ ನೀರನ್ನು ಚರಂಡಿಗೆ ಬಿಡದೆ ಗಿಡಗಳಿಗೆ ಹರಿಸಿರಿ, ಮಾಳಿಗೆಯ ಮಳೆನೀರನ್ನು ನೆಲಕ್ಕೆ ಇಂಗಿಸಿರಿ. ಕುರಿ ಮೇಯಿಸುವವರು ಗುಡ್ಡದ ಒಂದು ಮಗ್ಗುಲಿಗೆ ಸರದಿಯಂತೆ ಬಿಡುವು ಕೊಡಲಿ. ಅನುಗ್ರಹಗಳ ಕುರಿತು ವಿಚಾರಣೆಯಾಗುವ ದಿನ ನಾವು ಕುಡಿದ ನೀರಿನ ಲೆಕ್ಕವನ್ನೂ ಕೊಡಬೇಕಾದೀತು. ಆ ಲೆಕ್ಕ ಹಗುರವಾಗುವಂತೆ ಬದುಕಲು ಅಲ್ಲಾಹನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೀನ್.