ಹಳೆ ಜೀಪು: ರಿಪೇರಿಯೋ, ಮಾರಾಟವೋ?



ಮಳೆಗಾಲದಲ್ಲಿ ಮನೆ ಸೋರುತ್ತದೆ. ಎರಡು ಹಂಚು ಬದಲಾಯಿಸಿದರೆ ಸಾಕೋ, ಮಾಡನ್ನೇ ಬಿಚ್ಚಬೇಕೋ? ಹತ್ತಿ ನೋಡದೆ ಯಾರೂ ಹೇಳುವುದಿಲ್ಲ. ಹಳೆಯ ಗಾಡಿಯದೂ ಹಾಗೆಯೇ. ರಿಪೇರಿ ಮಾಡಿಸುವುದೋ, ಮಾರುವುದೋ? ಬಾಯಿಮಾತಿನಲ್ಲಿ ತೀರ್ಮಾನ ಆಗುವುದಿಲ್ಲ. ನೋಡಬೇಕು, ಕೇಳಬೇಕು, ಲೆಕ್ಕ ಬರೆಯಬೇಕು.

ಈ ಪಾಠದಲ್ಲಿ ಅಂಥದೊಂದು ಲೆಕ್ಕ ಇದೆ. ಲೆಕ್ಕ ಮಾಡಿದವರು ನಮ್ಮ ಕಲಿಕಾ ಕೇಂದ್ರದ ಒಬ್ಬ ಅಕ್ಕ. ಅವರ ಹೆಸರು ಗಿರಿಜಕ್ಕ ಎಂದು ಇಟ್ಟುಕೊಳ್ಳೋಣ.

ಗಿರಿಜಕ್ಕನ ಜೀಪು

ಗಿರಿಜಕ್ಕನ ಮನೆ ಮಲೆನಾಡಿನ ಗುಡ್ಡದ ಮೇಲೆ. ಡಾಂಬರು ರಸ್ತೆಯಿಂದ ಮೂರೂವರೆ ಕಿಲೋಮೀಟರು ಮಣ್ಣಿನ ದಾರಿ. ನಡುವೆ ಒಂದು ಹಳ್ಳ. ಮನೆಯ ಹತ್ತಿರ ಎರಡು ಎಕರೆ ಕಾಫಿ, ಒಂದಿಷ್ಟು ಮೆಣಸು. ಬಸ್ಸು ಅಲ್ಲಿಗೆ ಬರುವುದಿಲ್ಲ. ಆಟೋ ಹತ್ತುವುದಿಲ್ಲ.

2011ರಲ್ಲಿ ಗಿರಿಜಕ್ಕ ತಮ್ಮ ಎರಡು ಬಂಗಾರದ ಬಳೆ ಮಾರಿದರು. ಆ ಹಣಕ್ಕೆ ಇನ್ನಷ್ಟು ಸೇರಿಸಿ ಒಂದು ಹಳೆ ಜೀಪು ಕೊಂಡರು. ಬಳೆ ಅವರದು. ಆದ್ದರಿಂದ ಜೀಪೂ ಅವರ ಹೆಸರಿಗೇ ಆಯಿತು. ಓಡಿಸುವವರು ಮಾತ್ರ ಯಜಮಾನರು.

ಅದು ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಜೀಪು. ಬೇರೆ ಗಾಡಿಗಳಲ್ಲಿ ಎರಡು ಚಕ್ರ ಮಾತ್ರ ಎಳೆಯುತ್ತವೆ. ಆ ಎರಡು ಕೆಸರಿನಲ್ಲಿ ಜಾರಿದರೆ ಗಾಡಿ ನಿಂತಿತು. ಈ ಜೀಪಿನಲ್ಲಿ ಇನ್ನೊಂದು ಚಿಕ್ಕ ಗೇರ್ ಕೋಲು ಇರುತ್ತದೆ. ಅದನ್ನು ಹಾಕಿದರೆ ನಾಲ್ಕೂ ಚಕ್ರ ಎಳೆಯುತ್ತವೆ. ಎರಡನೇ ಮಹಾಯುದ್ಧದಲ್ಲಿ ಸೈನ್ಯದ ಕೆಲಸಕ್ಕೆಂದು ಅಮೆರಿಕದಲ್ಲಿ ಇಂಥ ಜೀಪು ಮಾಡಿದರು. ಆಮೇಲೆ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ಜೀಪು ಜೋಡಿಸಲು ಶುರು ಮಾಡಿತು. ಅಲ್ಲಿಂದ ಅದು ನಮ್ಮ ತೋಟದ ದಾರಿಗೂ ಬಂತು.

ಬ್ರೋಕರ್ ಬಂದ

2023ರ ಮಳೆಗಾಲದಲ್ಲಿ ಜೀಪು ತೊಂದರೆ ಕೊಟ್ಟಿತು. ಏರಿನಲ್ಲಿ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಬ್ರೇಕ್ ತುಳಿದರೆ ಕಾಲು ತಳಕ್ಕೆ ಹೋಗುತ್ತದೆ. ಹಿಂದೆ ಕಪ್ಪು ಹೊಗೆ. ಪೇಟೆಯ ಒಂದು ಗ್ಯಾರೇಜಿನವರು ಒಂದು ಲಕ್ಷ ರೂಪಾಯಿ ಖರ್ಚು ಹೇಳಿದರು. ಮನೆಯವರಿಗೆ ಎದೆ ಧಸಕ್ ಎಂದಿತು.

ಅದು ಹೇಗೋ ಗಾಡಿ ಬ್ರೋಕರ್ ಕಿವಿಗೆ ಬಿತ್ತು. ಅವನು ಮರುದಿನವೇ ಬಂದ.

“ಕೊಟ್‌ಬಿಡಿ ಅಕ್ಕ. ಗುಜರಿಗೆ ಹೋಗೋ ಗಾಡಿ ಇದು. ನೀವು ಅಂತ ತೊಂಬತ್ತು ಸಾವಿರ ಕೊಡ್ತೀನಿ. ಇಲ್ಲೊಂದು, ಇಲ್ಲೊಂದು ಸೈನ್ ಹಾಕಿ. ಮಿಕ್ಕಿದ್ದೆಲ್ಲ ನಾನು ತುಂಬಿಸ್ಕೊಳ್ತೀನಿ.”

ಹಿಂದಾಗಿದ್ದರೆ ಗಿರಿಜಕ್ಕ ಹೆಬ್ಬೆಟ್ಟು ಒತ್ತುತ್ತಿದ್ದರು. ಈಗ ಕಾಗದ ತೆಗೆದುಕೊಂಡು ನೋಡಿದರು. ಅಕ್ಷರ ಇಂಗ್ಲಿಷಿನದು, ಓದಲು ಬರಲಿಲ್ಲ. ಆದರೆ ತುಂಬುವ ಜಾಗವೆಲ್ಲ ಖಾಲಿ ಇತ್ತು. ಖಾಲಿ ಜಾಗ ಕಾಣಲು ಇಂಗ್ಲಿಷ್ ಬೇಕಿಲ್ಲ.

“ನಾಳೆ ಬನ್ನಿ. ಟೀಚರಿಗೆ ತೋರಿಸ್ತೀನಿ” ಎಂದರು.

ಬ್ರೋಕರ್ ನಕ್ಕ. “ಜೀಪು ಮಾರೋದಕ್ಕೂ ಟೀಚರ್ ಕೇಳ್ಬೇಕಾ?”

ಯಜಮಾನರೂ ಗೊಣಗಿದರು. “ಏ, ಬಂದ ಗಿರಾಕಿ ಹೋದರೆ ಮತ್ತೆ ಬರ್ತಾನೇನೆ?” ಗಿರಿಜಕ್ಕ ಕಾಗದ ಮಡಚಿ ಪಾಟಿಚೀಲದಲ್ಲಿ ಇಟ್ಟುಕೊಂಡರು.

ಮೊದಲು ಆರ್.ಸಿ. ನೋಡೋಣ

ಸಂಜೆ ಅವರು ಆರ್.ಸಿ.ಯನ್ನೂ ತಂದರು. ಆರ್.ಸಿ. ಎಂದರೆ ಗಾಡಿಯ ನೋಂದಣಿ ಪತ್ರ. ಅದರಲ್ಲಿ ಮಾಲೀಕರ ಹೆಸರು, ಎಂಜಿನ್ ನಂಬರು, ಚಾಸಿಸ್ ನಂಬರು, ನೋಂದಣಿ ದಿನಾಂಕ ಇರುತ್ತವೆ. ಹೆಸರನ್ನು ನಾವು ಓದಿ ಹೇಳಿದೆವು. ಅಂಕಿಗಳನ್ನು ಗಿರಿಜಕ್ಕನೇ ಓದಿದರು.

ಜೀಪು ಮೊದಲು ನೋಂದಣಿ ಆದದ್ದು 2001ರ ಡಿಸೆಂಬರಿನಲ್ಲಿ. ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷ ನಡೆಯುತ್ತದೆ. ಆಮೇಲೆ ಆರ್‌ಟಿಓ ಆಫೀಸಿನಲ್ಲಿ ಗಾಡಿ ತೋರಿಸಬೇಕು. ಚೆನ್ನಾಗಿದ್ದರೆ ಮತ್ತೆ 5 ವರ್ಷಕ್ಕೆ ನವೀಕರಣ ಮಾಡುತ್ತಾರೆ.

2001 + 15 = 2016
2016 + 5 = 2021
2021 + 5 = 2026

ಎರಡು ಸಲ ನವೀಕರಣ ಆಗಿತ್ತು. ಎಂದರೆ 2026ರ ಡಿಸೆಂಬರ್‌ವರೆಗೆ ಜೀಪಿಗೆ ನೋಂದಣಿ ಇತ್ತು. ಇನ್ನೂ ಮೂರು ವರ್ಷ. “ಹಾಗಾದ್ರೆ ಇದು ಗುಜರಿ ಗಾಡಿ ಅಲ್ಲ!” ಎಂದರು ಗಿರಿಜಕ್ಕ.

ಅಷ್ಟಕ್ಕೇ ಹಿಗ್ಗಬಾರದು. ಕಾಗದ ಸರಿ ಇದ್ದರೆ ಸಾಲದು. ಗಾಡಿಯೂ ಸರಿ ಇರಬೇಕು.

ಗಾಡಿಯ ಬೆನ್ನೆಲುಬು

ಭಾನುವಾರ ಇನ್ನೊಬ್ಬ ಮೇಸ್ತ್ರಿಯನ್ನು ಮನೆಗೇ ಕರೆಸಿದರು. ಅವರು ಮೊದಲು ಎಂಜಿನ್ ಮುಟ್ಟಲಿಲ್ಲ. ಜೀಪಿನ ಅಡಿಗೆ ಮಲಗಿ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಎಂದು ಬಡಿದರು.

ಅವರು ಬಡಿದದ್ದು ಚಾಸಿಸ್ಸಿಗೆ. ಚಾಸಿಸ್ ಎಂದರೆ ಅಡಿಯಲ್ಲಿರುವ ಉದ್ದನೆಯ ಕಬ್ಬಿಣದ ಚೌಕಟ್ಟು. ಅದು ಗಾಡಿಯ ಬೆನ್ನೆಲುಬು. ನಮ್ಮ ಮಳೆಗೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ಮೇಲ್ಮೇಲಿನ ತುಕ್ಕಾದರೆ ಕೆರೆದು ಬಣ್ಣ ಹೊಡೆಯಬಹುದು. ಸುತ್ತಿಗೆ ಬಡಿದಾಗ ಪದರ ಪದರವಾಗಿ ಉದುರಿದರೆ, ತೂತು ಬಿದ್ದರೆ, ಆ ಗಾಡಿಯ ಮೇಲೆ ಹಣ ಸುರಿಯಬಾರದು.

ಗಿರಿಜಕ್ಕನ ಜೀಪಿನ ಚಾಸಿಸ್ ಗಟ್ಟಿ ಇತ್ತು.

ಆಮೇಲೆ ಹೊಗೆ ನೋಡಿದರು. ಹೊಗೆಯ ಬಣ್ಣ ಎಂಜಿನ್‌ನ ಸ್ಥಿತಿ ಹೇಳುತ್ತದೆ.

ಕಪ್ಪು ಹೊಗೆ: ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್, ನಾಜಲ್ ನೋಡಿಸಬೇಕು.
ನೀಲಿ ಹೊಗೆ: ಎಂಜಿನ್ ಆಯಿಲ್ ಸುಡುತ್ತಿದೆ. ಇದು ದೊಡ್ಡ ಖರ್ಚು ಇರಬಹುದು.
ಬಿಟ್ಟೂ ಬಿಡದ ಬಿಳಿ ಹೊಗೆ: ಎಂಜಿನ್ ಒಳಗೆ ನೀರು ಸೇರುತ್ತಿರಬಹುದು, ಇಲ್ಲವೇ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ.

ಈ ಜೀಪಿನದು ಕಪ್ಪು ಹೊಗೆ. ಚಳಿಯ ಬೆಳಿಗ್ಗೆಯೂ ಬೇಗ ಸ್ಟಾರ್ಟ್ ಆಗುತ್ತಿತ್ತು. ಆಯಿಲ್ ಇಳಿಯುತ್ತಿರಲಿಲ್ಲ. “ಎಂಜಿನ್ ಬಿಚ್ಚೋದು ಬೇಡ ಅಕ್ಕ. ಫಿಲ್ಟರ್, ನಾಜಲ್ ಮಾಡಿದರೆ ಸಾಕು” ಎಂದರು ಮೇಸ್ತ್ರಿ.

ಪಟ್ಟಿ ಮಾಡೋಣ

ಮೊದಲ ಗ್ಯಾರೇಜಿನವರ ಲೆಕ್ಕ ಹೀಗಿತ್ತು:

ಬ್ರೇಕ್ – 7,000
ಕ್ಲಚ್ – 10,000
ಸ್ಪ್ರಿಂಗ್ ಪ್ಲೇಟ್ – 5,000
ಎಂಜಿನ್ ಬಿಚ್ಚುವ ಕೆಲಸ – 48,000
ಪೇಂಟ್, ಹುಡ್, ಸೀಟು – 30,000
ಒಟ್ಟು – 1,00,000 ರೂಪಾಯಿ

ಗಿರಿಜಕ್ಕ ಇದನ್ನು ಮೂರು ರಾಶಿ ಮಾಡಿದರು, ಅಕ್ಕಿ ಕೇರುವ ಹಾಗೆ. ಈಗಲೇ ಬೇಕಾದ್ದು, ಆಮೇಲೆ ನೋಡುವುದು, ಬೇಡದ್ದು. ಬ್ರೇಕು ಜೀವದ ಪ್ರಶ್ನೆ, ಅದು ಮೊದಲು. ಕ್ಲಚ್, ಪ್ಲೇಟ್ ಇಲ್ಲದೆ ಏರು ಹತ್ತುವುದಿಲ್ಲ. ಎಂಜಿನ್ ಬಿಚ್ಚುವುದು ಸದ್ಯಕ್ಕೆ ಬೇಡ. ಅದರ ಬದಲು ಫಿಲ್ಟರ್, ನಾಜಲ್‌ಗೆ 5,000. ಪೇಂಟ್ ಬೇಡವೇ ಬೇಡ.

7,000 + 10,000 + 5,000 + 5,000 = 27,000

ಒಂದು ಲಕ್ಷ ಇದ್ದದ್ದು ಇಪ್ಪತ್ತೇಳು ಸಾವಿರಕ್ಕೆ ಇಳಿಯಿತು!

ಇಟ್ಟುಕೊಂಡರೆ ಎಷ್ಟು? ಮಾರಿದರೆ ಎಷ್ಟು?

ಇಷ್ಟು ಸಾಲದು. ರಿಪೇರಿ ಕಡಿಮೆ ಎಂದ ಮಾತ್ರಕ್ಕೆ ಲಾಭ ಎನ್ನಲಾಗದು. ಜೀಪು ಮಾರಿದರೆ ಬಾಡಿಗೆ ಜೀಪು ಕರೆಯಬೇಕು. ಆ ಲೆಕ್ಕವನ್ನೂ ಬರೆದೆವು.

ಗಿರಿಜಕ್ಕನ ಮನೆಗೆ ತಿಂಗಳಿಗೆ 6 ಸಲ ಜೀಪು ಬೇಕು. ರೇಷನ್, ಗೊಬ್ಬರ, ಕಾಫಿ ಮೂಟೆ, ಅತ್ತೆಯವರ ಆಸ್ಪತ್ರೆ. ಬಾಡಿಗೆ ಜೀಪಿಗೆ ಒಂದು ಸಲಕ್ಕೆ 1,200 ರೂಪಾಯಿ. ವರ್ಷಕ್ಕೆ 72 ಸಲ.

72 × 1,200 = 86,400 ರೂಪಾಯಿ

ಸ್ವಂತ ಜೀಪು ಇಟ್ಟುಕೊಂಡರೆ ವರ್ಷಕ್ಕೆ:

ರಿಪೇರಿ (27,000ವನ್ನು 3 ವರ್ಷಕ್ಕೆ ಹಂಚಿದರೆ) – 9,000
ವಿಮೆ, ಹೊಗೆ ತಪಾಸಣೆ, ಆಯಿಲ್, ಟೈರ್ – 20,000
ಡೀಸೆಲ್ (72 × 400) – 28,800
ಜೀಪಿನ ಬೆಲೆ ಇಳಿಯುವುದು – 10,000
ಒಟ್ಟು – 67,800 ರೂಪಾಯಿ

ಬೆಲೆ ಇಳಿಯುವುದು ಎಂದರೇನು? ಇವತ್ತು 90,000ಕ್ಕೆ ಹೋಗುವ ಜೀಪು ಮೂರು ವರ್ಷ ಕಳೆದ ಮೇಲೆ 60,000ಕ್ಕೆ ಹೋಗಬಹುದು. ಆ 30,000 ಕೈಯಿಂದ ಕೊಟ್ಟದ್ದಲ್ಲ. ಆದರೂ ನಮ್ಮದೇ ನಷ್ಟ. ಬಹಳ ಜನ ಇದನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

86,400 – 67,800 = 18,600

ಇಟ್ಟುಕೊಂಡರೆ ವರ್ಷಕ್ಕೆ 18,600 ಉಳಿಯುತ್ತದೆ. ಗಿರಿಜಕ್ಕ ಲೆಕ್ಕದ ಹಾಳೆಯನ್ನು ಯಜಮಾನರ ಮುಂದೆ ಇಟ್ಟರು. ಅವರು ಎರಡು ಸಲ ಕೂಡಿಸಿ ನೋಡಿದರು. “ಸರಿಯಾಗೇ ಇದೆ ಕಣೆ” ಎಂದರು.

ಗಿರಿಜಕ್ಕ ಹಾಳೆಯ ಕೆಳಗೆ ಇನ್ನೊಂದು ಸಾಲು ಬರೆದರು: “ಎಂಜಿನ್ ಬಿಚ್ಚುವ ಕಾಲ ಬಂದರೆ ಮಾರುವುದು.” ಇದು ಒಳ್ಳೆಯ ಬುದ್ಧಿ. ಎಲ್ಲಿ ನಿಲ್ಲಿಸಬೇಕು ಎಂದು ಮೊದಲೇ ಬರೆದಿಡಬೇಕು. ಇಲ್ಲದಿದ್ದರೆ ‘ಇಷ್ಟು ಹಾಕಿದೀವಿ, ಇನ್ನಷ್ಟು ಹಾಕೋಣ’ ಎಂದು ಹಣ ಹೋಗುತ್ತಲೇ ಇರುತ್ತದೆ.

ಮಾರುವವರು ನೆನಪಿಡಿ

ಎಲ್ಲರ ಲೆಕ್ಕವೂ ಹೀಗೇ ಬರುವುದಿಲ್ಲ. ಕೆಲವರಿಗೆ ಮಾರುವುದೇ ಸರಿ. ಮಾರುವಾಗ ಈ ಮಾತು ಮರೆಯಬೇಡಿ.

1. ಖಾಲಿ ಫಾರಂಗೆ ಸಹಿ ಹಾಕಬೇಡಿ. ಬ್ರೋಕರ್ ತಂದದ್ದು 29 ಮತ್ತು 30ನೇ ನಂಬರಿನ ಫಾರಂ. ಗಾಡಿಯ ಹೆಸರು ವರ್ಗಾವಣೆಗೆ ಅವೇ ಬೇಕು. ಕೊಳ್ಳುವವರ ಹೆಸರು, ವಿಳಾಸ, ದಿನಾಂಕ ತುಂಬಿದ ಮೇಲೆ ಸಹಿ ಹಾಕಿ. ಒಂದು ಜೆರಾಕ್ಸ್ ಪ್ರತಿ ಇಟ್ಟುಕೊಳ್ಳಿ.

2. ನಮ್ಮ ರಾಜ್ಯದೊಳಗೇ ಮಾರಿದರೆ 14 ದಿನದೊಳಗೆ ಆರ್‌ಟಿಓ ಆಫೀಸಿಗೆ ತಿಳಿಸಬೇಕು. ಕೊಂಡವರು 30 ದಿನದೊಳಗೆ ತಿಳಿಸಬೇಕು.

3. ಹಣ ಬಂದರೆ ಮುಗಿಯಲಿಲ್ಲ. ಆರ್.ಸಿ.ಯಲ್ಲಿ ಹೆಸರು ಬದಲಾಗಬೇಕು. ಬದಲಾಗದೆ ಆ ಗಾಡಿ ಯಾರಿಗಾದರೂ ಗುದ್ದಿದರೆ ಪರಿಹಾರದ ಹೊಣೆ ಆರ್.ಸಿ.ಯಲ್ಲಿ ಹೆಸರಿದ್ದವರ ಮೇಲೆ ಬರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಹೀಗೆ ತೀರ್ಪು ಕೊಟ್ಟಿದೆ. ಅಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ಆದರೂ ಹೊಣೆ ಮೊದಲ ಮಾಲೀಕರದೇ ಆಯಿತು.

4. ಓಡಲಾಗದ ಗಾಡಿಯನ್ನು ಬೀದಿ ಗುಜರಿಗೆ ಹಾಕಬೇಡಿ. 2021ರಲ್ಲಿ ಕೇಂದ್ರ ಸರ್ಕಾರ ಹೊಸ ನಿಯಮ ಮಾಡಿದೆ. ನೋಂದಾಯಿತ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯಿರಿ. ಆರ್.ಸಿ. ರದ್ದಾಯಿತೇ ಎಂದು ಕೇಳಿ ತಿಳಿಯಿರಿ.

ಮುಂದೇನಾಯಿತು?

ಬ್ರೋಕರ್ ಮತ್ತೆ ಬಂದ. ಗಿರಿಜಕ್ಕ ಖಾಲಿ ಫಾರಂ ವಾಪಸು ಕೊಟ್ಟರು. “ಮಾರೋ ದಿನ ನಾನೇ ಹೇಳಿ ಕಳಿಸ್ತೀನಿ. ಆವತ್ತು ತುಂಬಿಸಿದ ಫಾರಂ ತನ್ನಿ” ಎಂದರು.

ಜೀಪು ರಿಪೇರಿ ಆಯಿತು. ಆ ಸಲದ ಕಾಫಿ ಅದರಲ್ಲೇ ಇಳಿಯಿತು. ಒಂದು ರಾತ್ರಿ ಪಕ್ಕದ ಮನೆಯ ಹುಡುಗಿಗೆ ಹೆರಿಗೆ ನೋವು ಬಂತು. 108 ಆಂಬ್ಯುಲೆನ್ಸ್ ಡಾಂಬರು ರಸ್ತೆಗೆ ಬಂದು ನಿಂತಿತ್ತು. ಅಲ್ಲಿಯವರೆಗಿನ ಮೂರೂವರೆ ಕಿಲೋಮೀಟರು ಜೀಪೇ ಕರೆದುಕೊಂಡು ಹೋಯಿತು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯಿತು. ತಾಯಿ, ಮಗು ಕ್ಷೇಮವಾಗಿ ಮನೆಗೆ ಬಂದರು.

“ಟೀಚ್ರೆ, ಇದನ್ನ ಯಾವ ಸಾಲಿನಲ್ಲಿ ಬರೀಲಿ?” ಎಂದು ಗಿರಿಜಕ್ಕ ಕೇಳಿದರು. ನಮಗೂ ಹೇಳಲು ತಿಳಿಯಲಿಲ್ಲ.

ಓದಿ, ಉತ್ತರ ಹೇಳಿ

1. ಜೀಪು ಯಾರ ಹೆಸರಿನಲ್ಲಿ ಇತ್ತು? ಏಕೆ?
2. ಮೇಸ್ತ್ರಿ ಮೊದಲು ಏನನ್ನು ನೋಡಿದರು?
3. ಖಾಲಿ ಫಾರಂಗೆ ಸಹಿ ಹಾಕಿದರೆ ಏನಾಗಬಹುದು?

ಲೆಕ್ಕ ಮಾಡಿ

ಗಿರಿಜಕ್ಕನಿಗೆ ತಿಂಗಳಿಗೆ 3 ಸಲ ಮಾತ್ರ ಜೀಪು ಬೇಕಿತ್ತು ಎಂದಿಟ್ಟುಕೊಳ್ಳಿ. ವರ್ಷಕ್ಕೆ 36 ಸಲ. ಬಾಡಿಗೆ ಎಷ್ಟು? ಡೀಸೆಲ್ ಎಷ್ಟು? ಬೇರೆ ಖರ್ಚು ಮೊದಲಿನಷ್ಟೇ. ಆಗ ಇಟ್ಟುಕೊಳ್ಳುವುದು ಲಾಭವೋ, ಮಾರುವುದು ಲಾಭವೋ? (ಉತ್ತರ: ಬಾಡಿಗೆ 43,200. ಸ್ವಂತ ಜೀಪಿಗೆ 53,400. ಮಾರುವುದೇ ಲಾಭ.)

ಬರೆಯಿರಿ

ನಿಮ್ಮ ಮನೆಯಲ್ಲಿ ನಿಮ್ಮ ಹೆಸರಿನಲ್ಲಿ ಇರುವ ಕಾಗದಪತ್ರ ಯಾವುವು? ಗಾಡಿ, ಜಮೀನು, ಮನೆ, ಬ್ಯಾಂಕ್ ಪುಸ್ತಕ. ಹುಡುಕಿ ನೋಡಿ, ಪಟ್ಟಿ ಬರೆದುಕೊಂಡು ನಾಳೆ ತನ್ನಿ.