ಇಂಗ್ಲಿಷ್ ನುಡಿಗಟ್ಟು ನಾಲಿಗೆಗೆ ಒಗ್ಗಲು ಒಂಬತ್ತು ಸೂತ್ರಗಳು

ವ್ಯಾಕರಣ ಚೆನ್ನಾಗಿ ಕಲಿತವರೂ ಒಂದು ಕಡೆ ತಬ್ಬಿಬ್ಬಾಗುತ್ತಾರೆ. ಮೀಟಿಂಗ್ ಮುಗಿಯುವ ಹೊತ್ತಿಗೆ ಅಮೆರಿಕದ ಮ್ಯಾನೇಜರ್ ‘ಲೆಟ್ಸ್ ಟಚ್ ಬೇಸ್ ಟುಮಾರೊ’ ಅನ್ನುತ್ತಾರೆ. ಟಚ್ ಗೊತ್ತು, ಬೇಸ್ ಗೊತ್ತು, ಟುಮಾರೊ ಗೊತ್ತು. ಮೂರೂ ಸೇರಿದರೆ ಏನೆಂದು ಗೊತ್ತಿಲ್ಲ. ನಾಳೆ ಇನ್ನೊಮ್ಮೆ ಮಾತಾಡೋಣ ಅಂದದ್ದಷ್ಟೇ! ಸಾವಿರ ನುಡಿಗಟ್ಟುಗಳ ಪುಸ್ತಕ ತಂದು ಉರುಹೊಡೆದರೆ ಇದು ಬಗೆಹರಿಯುವುದಿಲ್ಲ. ನುಡಿಗಟ್ಟೂ, ಪನ್ ಎಂಬ ಪದಶ್ಲೇಷೆಯೂ ಆಡುತ್ತ ಆಡುತ್ತಲೇ ಬರುವಂಥವು. ಶ್ಲೇಷೆ, ಜೋಡುನುಡಿ, ಒಗಟು ಕೇಳಿಕೊಂಡೇ ಬೆಳೆದ ಕನ್ನಡದ ಕಿವಿಗೆ ಈ ಆಟ ಹೊಸದೂ ಅಲ್ಲ. ಹೇಗೆ ಆಡಬೇಕು ಅಂತ ಗೊತ್ತಿದ್ದರೆ ಸಾಕು.

1. ನುಡಿಗಟ್ಟಿನ ಊರು ಯಾವುದು, ಕೇಳಿ

ಎ-ಬಿ-ಸಿ ಕ್ರಮದ ಪಟ್ಟಿ ಬದಿಗಿಡಿ. ಹುಟ್ಟಿದ ಮನೆ ನೋಡಿ ಗುಂಪು ಮಾಡಿಕೊಳ್ಳಿ. ನಮಗೆ ಕ್ರಿಕೆಟ್‌ನ ಮನೆ ಆಗಲೇ ಪರಿಚಿತ. ‘ಆನ್ ದ ಬ್ಯಾಕ್ ಫುಟ್’ ಅಂದರೆ ಹಿಂದೆ ಸರಿದು ಬಚಾವಾಗುವ ಸ್ಥಿತಿ. ‘ಆಫ್ ಹಿಸ್ ಓನ್ ಬ್ಯಾಟ್’ ಅಂದರೆ ಯಾರೂ ಹೇಳದೆ ತಾನಾಗಿಯೇ ಮಾಡಿದ ಕೆಲಸ. ಇನ್ನು ‘ಸ್ಟಿಕಿ ವಿಕೆಟ್’. ಹಿಂದೆ ಪಿಚ್‌ಗೆ ಹೊದಿಕೆ ಹಾಕುತ್ತಿರಲಿಲ್ಲ. ಮಳೆ ಬಿದ್ದು ಮೇಲೆ ಬಿಸಿಲು ಹತ್ತಿದರೆ, ನೆಲ ಆರುವ ಆ ಒಂದೆರಡು ಗಂಟೆ ಚೆಂಡು ಎಲ್ಲಿಗೆ ಪುಟಿಯುತ್ತದೆ ಅಂತ ಹೇಳಲಾಗುತ್ತಿರಲಿಲ್ಲ. ಬ್ಯಾಟ್ ಹಿಡಿದವನಿಗೆ ದೇವರೇ ಗತಿ. ಇಕ್ಕಟ್ಟಿನ ಪರಿಸ್ಥಿತಿಗೆ ಆ ಹೆಸರು ಬಂದದ್ದು ಹಾಗೆ.

ಅಮೆರಿಕದವರ ಮಾತು ಬೇಸ್‌ಬಾಲ್ ಮೈದಾನದ್ದು. ಓಡುವವನು ಬೇಸ್ ಮುಟ್ಟಲೇಬೇಕು, ಅಲ್ಲಿಂದ ‘ಟಚ್ ಬೇಸ್’. ‘ಬಾಲ್‌ಪಾರ್ಕ್ ಫಿಗರ್’ ಅಂದರೆ ಅಂದಾಜು ಲೆಕ್ಕ. ಹಾಯಿಹಡಗು ಇನ್ನೊಂದು ದೊಡ್ಡ ಮನೆ. ಎದುರುಗಾಳಿ ಹಾಯಿಯನ್ನು ಹಿಂದಕ್ಕೆ ತಳ್ಳಿ ಪಟಸ್ತಂಭಕ್ಕೆ ಒತ್ತಿಬಿಟ್ಟರೆ ಹಡಗು ಗಕ್ಕನೆ ನಿಲ್ಲುತ್ತಿತ್ತು. ಅದು ‘ಟೇಕನ್ ಅಬ್ಯಾಕ್’. ಮನುಷ್ಯರಿಗೆ ಅಂದರೆ ದಂಗಾಗುವುದು. ಹುಟ್ಟಿದ ಜಾಗ ಗೊತ್ತಾದರೆ ಅರ್ಥ ಮರೆಯುವುದಿಲ್ಲ.

2. ಒಂದು ಅಕ್ಷರವನ್ನೂ ಅಲುಗಾಡಿಸಬೇಡಿ

‘ಗೆಳೆಯ ಕೈ ಕೊಟ್ಟ’ ಅನ್ನುತ್ತೇವೆ. ‘ಗೆಳೆಯ ಹಸ್ತ ಕೊಟ್ಟ’ ಅಂದರೆ ಮೋಸದ ಅರ್ಥ ಹಾರಿಹೋಯಿತು. ‘ಕಿಕ್ ದ ಬಕೆಟ್’ ಕೂಡ ಹಾಗೇ. ಸತ್ತ ಅನ್ನಲು ಒರಟಾದ ಮಾತು ಅದು. ‘ದ ಬಕೆಟ್ ವಾಸ್ ಕಿಕ್ಡ್’ ಅಂತ ಕರ್ಮಣಿ ಪ್ರಯೋಗ ಮಾಡಿದರೆ ಯಾರೋ ನಿಜವಾಗಿ ಬಕೆಟ್ ಒದ್ದರು ಅಂತಷ್ಟೇ ಆಗುತ್ತದೆ. ಜೋಡಿಪದಗಳ ಕ್ರಮವೂ ಬದಲಾಗಕೂಡದು. ‘ಆಡ್ಸ್ ಅಂಡ್ ಎಂಡ್ಸ್’, ‘ಸ್ಪಿಕ್ ಅಂಡ್ ಸ್ಪ್ಯಾನ್’, ‘ಬ್ಯಾಗ್ ಅಂಡ್ ಬ್ಯಾಗೇಜ್’. ಗಂಟುಮೂಟೆಯನ್ನು ನಾವು ಮೂಟೆಗಂಟು ಅನ್ನುತ್ತೇವೆಯೇ?

3. ಯಾರ ಮುಂದೆ, ಯಾವ ಹೊತ್ತಿನಲ್ಲಿ

ಸಾವಿನ ಮನೆಗೆ ಬರೆಯುವ ಪತ್ರದಲ್ಲಿ ಬಕೆಟ್ ಬರಬಾರದು, ‘ಪಾಸ್ಡ್ ಅವೇ’ ಬರಬೇಕು. ನಮ್ಮ ಪಠ್ಯಗಳು ಇನ್ನೂ ‘ರೇನಿಂಗ್ ಕ್ಯಾಟ್ಸ್ ಅಂಡ್ ಡಾಗ್ಸ್’ ಕಲಿಸುತ್ತಿವೆ. ಅದು ತಪ್ಪಲ್ಲ, ಆದರೆ ದಿನದ ಮಾತಿನಲ್ಲಿ ಅಪರೂಪ. ಮಳೆ ಜೋರಾಗಿ ಹೊಯ್ಯುತ್ತಿದ್ದರೆ ‘ಇಟ್ಸ್ ಪೋರಿಂಗ್’ ಅನ್ನಿ.

4. ಮೂಲಕಥೆಯನ್ನು ತಕ್ಷಣ ನಂಬಬೇಡಿ

ಆ ನಾಯಿ-ಬೆಕ್ಕಿನ ಮಳೆಯ ಬಗ್ಗೆ ಒಂದು ಕಥೆ ಓಡಾಡುತ್ತದೆ. ಹಳೆಯ ಇಂಗ್ಲೆಂಡಿನ ಹುಲ್ಲಿನ ಮಾಡಿನಲ್ಲಿ ಬೆಕ್ಕು ನಾಯಿಗಳು ಮಲಗುತ್ತಿದ್ದವಂತೆ, ಮಳೆ ಬಂದರೆ ಜಾರಿ ಕೆಳಗೆ ಬೀಳುತ್ತಿದ್ದವಂತೆ. 1999ರ ಸುಮಾರಿಗೆ ಇಮೇಲ್‌ನಲ್ಲಿ ಊರೂರು ಸುತ್ತಿದ ಕಥೆ ಅದು, ಆಧಾರ ಮಾತ್ರ ಇಲ್ಲ. 1738ರಲ್ಲಿ ಜೊನಾಥನ್ ಸ್ವಿಫ್ಟ್ ಪ್ರಕಟಿಸಿದ ಸಂಭಾಷಣೆಗಳ ಪುಸ್ತಕದಲ್ಲಿ ಆ ನುಡಿಗಟ್ಟು ಇದೆ ಅನ್ನುವುದು ಖಚಿತ. ಮಾಡಿನ ಮೇಲಿನ ನಾಯಿ ಎಲ್ಲೂ ಇಲ್ಲ.

ನಿಜವಾದ ಕಥೆಗಳೂ ಇವೆ, ಅವುಗಳಿಗೆ ಕಟ್ಟುಕಥೆಗಿಂತ ರುಚಿ ಹೆಚ್ಚು. ‘ಹಾಬ್ಸನ್ಸ್ ಚಾಯ್ಸ್’ ತೆಗೆದುಕೊಳ್ಳಿ. ಥಾಮಸ್ ಹಾಬ್ಸನ್ ಕೇಂಬ್ರಿಜ್‌ನಲ್ಲಿ ಕುದುರೆ ಬಾಡಿಗೆಗೆ ಕೊಡುತ್ತಿದ್ದವನು, ಕೇಂಬ್ರಿಜ್‌ನಿಂದ ಲಂಡನ್‌ಗೆ ಸಾಮಾನು ಸಾಗಿಸುತ್ತಿದ್ದವನು. ವಿದ್ಯಾರ್ಥಿಗಳು ಬಂದರೆ ಒಳ್ಳೆಯ ಕುದುರೆಯನ್ನೇ ಕೇಳುತ್ತಿದ್ದರು, ಪಾಪ ಅದಕ್ಕೆ ಬಿಡುವೇ ಇರುತ್ತಿರಲಿಲ್ಲ. ಹಾಬ್ಸನ್ ಒಂದು ಕಟ್ಟುನಿಟ್ಟು ಮಾಡಿದ. ಲಾಯದ ಬಾಗಿಲಿಗೆ ಹತ್ತಿರ ಯಾವ ಕುದುರೆ ನಿಂತಿದೆಯೋ ಅದನ್ನೇ ಒಯ್ಯಬೇಕು, ಬೇಡವಾದರೆ ಬಿಡಬೇಕು. ಆಯ್ಕೆಯಂತೆ ಕಂಡರೂ ಆಯ್ಕೆಯಲ್ಲದ್ದಕ್ಕೆ ಅವನ ಹೆಸರೇ ಉಳಿಯಿತು. 1631ರಲ್ಲಿ ಅವನು ತೀರಿಕೊಂಡಾಗ ಕವಿ ಮಿಲ್ಟನ್ ಅವನ ಮೇಲೆ ಪದ್ಯ ಬರೆದ. ಕಥೆ ಖಾತರಿಯಾಗಬೇಕೇ? ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿ ತೆರೆಯಿರಿ. ಒಂದೊಂದು ಮಾತೂ ಬರವಣಿಗೆಯಲ್ಲಿ ಎಷ್ಟು ಹಳೆಯದು ಅಂತ ಅದು ಇಸವಿ ಸಮೇತ ಕೊಡುತ್ತದೆ.

5. ಪನ್ ಓದಬೇಡಿ, ಗಟ್ಟಿಯಾಗಿ ಉಚ್ಚರಿಸಿ

ನ್ಯೂಯಾರ್ಕ್‌ನಲ್ಲಿ ಬ್ರಿಟಿಷ್ ಶೈಲಿಯ ಮೀನು-ಚಿಪ್ಸ್ ಅಂಗಡಿಯೊಂದಿದೆ. ಹೆಸರು ‘ಎ ಸಾಲ್ಟ್ ಅಂಡ್ ಬ್ಯಾಟರಿ’. ಕಣ್ಣಲ್ಲಿ ಓದಿದರೆ ಉಪ್ಪು ಕಾಣುತ್ತದೆ, ಬ್ಯಾಟರಿ ಯಾಕೆ ಬಂತು ತಿಳಿಯುವುದಿಲ್ಲ. ಬೇಗ ಬೇಗ ಹೇಳಿ ನೋಡಿ. ‘ಅಸಾಲ್ಟ್ ಅಂಡ್ ಬ್ಯಾಟರಿ’ ಆಯಿತು. ಹಲ್ಲೆಯ ಮೊಕದ್ದಮೆಗಳಲ್ಲಿ ಇಂಗ್ಲಿಷ್ ಕಾನೂನು ಬಳಸುವ ಜೋಡಿಪದ ಅದು: ಕೈಯೆತ್ತಿ ಹೆದರಿಸಿದ್ದು ಅಸಾಲ್ಟ್, ಹೊಡೆದದ್ದು ಬ್ಯಾಟರಿ. ಇನ್ನು ಮೀನನ್ನು ಅದ್ದಿ ಕರಿಯುವ ಹಿಟ್ಟು ‘ಬ್ಯಾಟರ್’. ನಮ್ಮ ಬಜ್ಜಿ ಹಿಟ್ಟೂ ಬ್ಯಾಟರೇ, ದೋಸೆ ಹಿಟ್ಟೂ ಬ್ಯಾಟರೇ. 2021ರಲ್ಲಿ ಎಂಸಿಸಿ ತನ್ನ ಕ್ರಿಕೆಟ್ ನಿಯಮಗಳಲ್ಲಿ ಬ್ಯಾಟ್ಸ್‌ಮನ್ ಬದಲು ಬ್ಯಾಟರ್ ಅಂತ ಬರೆದ ಮೇಲೆ ವಿರಾಟ್ ಕೊಹ್ಲಿಯೂ ಬ್ಯಾಟರ್. ಅಂಗಡಿಯ ಒಂದು ಬೋರ್ಡಿನಲ್ಲಿ ಉಪ್ಪು, ಹಿಟ್ಟು, ಹೊಡೆದಾಟ ಮೂರೂ ಕೂತಿವೆ. ಇಂಥದ್ದೊಂದು ಬಿಡಿಸಿದಾಗ ಆಗುವ ಖುಷಿ ಹತ್ತು ಪುಟ ವ್ಯಾಕರಣದಿಂದ ಬರುವುದಿಲ್ಲ.

ಪನ್ ಉಚ್ಚಾರಣೆಯ ಮೇಷ್ಟ್ರೂ ಹೌದು. ಮಿಲಿಟರಿ ಅಧಿಕಾರಿ ‘ಕರ್ನಲ್’, ಕಾಳಿನ ಒಳತಿರುಳೂ ‘ಕರ್ನಲ್’. ಸ್ಪೆಲಿಂಗ್ ಎಲ್ಲಿಂದೆಲ್ಲಿಗೋ, ಸದ್ದು ಮಾತ್ರ ಒಂದೇ. ತದ್ವಿರುದ್ಧವಾದ ತೊಡಕೂ ನಮಗಿದೆ. ಕನ್ನಡಕ್ಕೆ ಇರುವುದು ಒಂದೇ ‘ವ’. ಹಾಗಾಗಿ ದ್ರಾಕ್ಷಿಯ ಮದ್ಯವೂ ವೈನ್, ದ್ರಾಕ್ಷಿಯ ಬಳ್ಳಿಯೂ ವೈನ್. ಇಂಗ್ಲಿಷರ ಕಿವಿಗೆ ಎರಡೂ ಬೇರೆ ಬೇರೆ. ಮದ್ಯಕ್ಕೆ ತುಟಿ ದುಂಡಗಾಗಬೇಕು, ಬಳ್ಳಿಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ಇವೆರಡನ್ನು ಸೇರಿಸಿ ನಾವು ಕಟ್ಟಿದ ಪನ್‌ಗೆ ನಾವೇ ನಗಬೇಕಾಗುತ್ತದೆ.

6. ಪುಟಾಣಿ ಪದಗಳ ಮೇಲೆ ಕಣ್ಣಿಡಿ

ನುಡಿಗಟ್ಟುಗಳಲ್ಲಿ ನಿಜಕ್ಕೂ ಕಷ್ಟದವು ಬಣ್ಣಬಣ್ಣದವಲ್ಲ, ‘ಅಪ್’, ‘ಆಫ್’, ‘ಔಟ್’ ಅಂಟಿದ ಸಾದಾ ಕ್ರಿಯಾಪದಗಳು. ‘ದ ಲೈಟ್ ವೆಂಟ್ ಆಫ್’ ಅಂದರೆ ದೀಪ ಆರಿತು. ‘ದ ಅಲಾರ್ಮ್ ವೆಂಟ್ ಆಫ್’ ಅಂದರೆ ಅಲಾರ್ಮ್ ಹೊಡೆದುಕೊಂಡಿತು! ‘ದ ಮಿಲ್ಕ್ ಹ್ಯಾಸ್ ಗಾನ್ ಆಫ್’ ಅಂದರೆ ಹಾಲು ಕೆಟ್ಟಿತು. ಫಾರ್ಮ್ ‘ಫಿಲ್ ಇನ್’ ಮಾಡಿದರೂ ‘ಫಿಲ್ ಔಟ್’ ಮಾಡಿದರೂ ಭರ್ತಿಯಾಗುತ್ತದೆ. ಇಲ್ಲಿ ತರ್ಕ ಹುಡುಕುತ್ತ ಕೂತರೆ ತಲೆ ಕೆಡುತ್ತದೆ. ಕ್ರಿಯಾಪದವನ್ನು ಒಂಟಿಯಾಗಿ ಕಲಿಯಬೇಡಿ, ಹಾಲಿನ ಜತೆ, ದೀಪದ ಜತೆ, ಅಲಾರ್ಮ್ ಜತೆ ಇಡೀ ವಾಕ್ಯವಾಗಿ ಬಾಯಿಗೆ ಹತ್ತಿಸಿಕೊಳ್ಳಿ. ಹೊಸಬರು ಮೊದಲ ತಿಂಗಳು ಬೇರೆಲ್ಲ ಬಿಟ್ಟು ಇದನ್ನೇ ಮಾಡಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

7. ನಮ್ಮ ಇಂಗ್ಲಿಷ್ ಎಲ್ಲಿ ನಡೆಯುತ್ತದೆ, ಎಲ್ಲಿ ನಿಲ್ಲುತ್ತದೆ

‘ಪ್ರಿಪೋನ್’ ಅನ್ನಲು ನಾಚಿಕೆ ಬೇಡ. ಅಚ್ಚುಕಟ್ಟಾದ ಪದ, ಆಕ್ಸ್‌ಫರ್ಡ್ ನಿಘಂಟಿನಲ್ಲೂ ಜಾಗ ಪಡೆದಿದೆ. ‘ಡೂ ದ ನೀಡ್‌ಫುಲ್’ ಒಂದು ಕಾಲಕ್ಕೆ ಬ್ರಿಟಿಷರದೇ ಮಾತು. ಅವರು ಬಿಟ್ಟರು, ನಮ್ಮ ಕಚೇರಿಗಳು ಉಳಿಸಿಕೊಂಡವು. ಆದರೆ ‘ಐ ಪಾಸ್ಡ್ ಔಟ್ ಇನ್ 2019’ ಅಂತ ಲಂಡನ್ನಿನ ಸಂದರ್ಶನದಲ್ಲಿ ಹೇಳಿದರೆ, ಎದುರಿಗಿದ್ದವರು ನೀವು ಆ ವರ್ಷ ಮೂರ್ಛೆ ಹೋಗಿದ್ದಿರಿ ಅಂದುಕೊಳ್ಳಬಹುದು. ಅಲ್ಲಿ ‘ಗ್ರಾಜುಯೇಟೆಡ್’ ಅನ್ನಿ. ‘ಔಟ್ ಆಫ್ ಸ್ಟೇಷನ್’ ಬದಲು ‘ಔಟ್ ಆಫ್ ಟೌನ್’ ಅನ್ನಿ.

8. ದಿನಕ್ಕೊಂದು ಕ್ರಿಪ್ಟಿಕ್ ಸುಳಿವು

ಪದಬಂಧ ಹುಟ್ಟಿದ್ದು 1913ರಲ್ಲಿ, ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಗೆ ಆರ್ಥರ್ ವಿನ್ ರಚಿಸಿದಾಗ. ಅದಕ್ಕೆ ಕುಯುಕ್ತಿ ತುಂಬಿ ‘ಕ್ರಿಪ್ಟಿಕ್’ ಮಾಡಿದವರು ಬ್ರಿಟಿಷರು. 1926ರಿಂದ ‘ದಿ ಅಬ್ಸರ್ವರ್’ ಪತ್ರಿಕೆಯಲ್ಲಿ ‘ಟಾರ್ಕೆಮಾಡ’ ಎಂಬ ಗುಪ್ತನಾಮದಲ್ಲಿ ಎಡ್ವರ್ಡ್ ಪೊವಿಸ್ ಮ್ಯಾದರ್ಸ್ ಓದುಗರನ್ನು ಕಾಡಿದ. ನಮ್ಮಲ್ಲಿ ‘ದಿ ಹಿಂದೂ’ 1971ರಿಂದ ಕ್ರಿಪ್ಟಿಕ್ ಪದಬಂಧ ಕೊಡುತ್ತ ಬಂದಿದೆ.

ಇದರ ಒಳಮರ್ಮ ನೋಡಿ. ಸುಳಿವಿನಲ್ಲಿ ‘ಫ್ಲವರ್’ ಇದ್ದರೆ ಹೂವು ಅಂತ ಓಡಬೇಡಿ. ‘ಫ್ಲೋ’ ಅಂದರೆ ಹರಿಯುವುದು, ಹರಿಯುವಂಥದ್ದು ‘ಫ್ಲೋ-ಅರ್’. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಎರಡೂ ಒಂದೇ. ಅಂದರೆ ಉತ್ತರ ಒಂದು ನದಿ: ಥೇಮ್ಸ್ ಇರಬಹುದು, ಡ್ಯಾನ್ಯೂಬ್ ಇರಬಹುದು. ಹಾಗೆಯೇ ‘ನಂಬರ್’. ‘ನಮ್’ ಅಂದರೆ ಜೋಮು ಹಿಡಿದದ್ದು, ಜೋಮು ಹಿಡಿಸುವಂಥದ್ದು ‘ನಮ್-ಅರ್’. ಸ್ಪೆಲಿಂಗ್ ಅದೇ. ಉತ್ತರ ಈಥರ್‌ನಂಥ ಅರಿವಳಿಕೆ ಔಷಧ! ‘ಬ್ರೋಕನ್’, ‘ಕನ್‌ಫ್ಯೂಸ್ಡ್’ ಅಂಥ ಪದ ಕಂಡರೆ ಪಕ್ಕದ ಅಕ್ಷರಗಳನ್ನು ಕಲೆಸಿ ನೋಡಿ. ‘ಲಿಸನ್’ ಕಲೆಸಿದರೆ ‘ಸೈಲೆಂಟ್’ ಆಗುತ್ತದೆ, ಬರೆದು ನೋಡಿ. ಮೊದಮೊದಲು ಮರುದಿನದ ಉತ್ತರ ನೋಡಿಕೊಂಡು ಹಿಮ್ಮುಖವಾಗಿ ಬಿಡಿಸಿ. ಅದು ಕಳ್ಳತನವಲ್ಲ, ಅಭ್ಯಾಸ.

ಪದಗಳ ಆಟ ಅಂದಾಗ ನಾಟಕಕಾರ ಕೈಲಾಸಂ ನೆನಪಾಗುತ್ತಾರೆ. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಭೂವಿಜ್ಞಾನ ಓದಿ ಬಂದ ಅವರು ಕನ್ನಡ, ಇಂಗ್ಲಿಷ್ ಎರಡನ್ನೂ ಒಂದೇ ಮಾತಿನಲ್ಲಿ ಬೆರೆಸಿ ರಂಗದ ಮೇಲೆ ಕುಣಿಸಿದರು. ನಾ. ಕಸ್ತೂರಿಯವರ ‘ಅನರ್ಥಕೋಶ’, ಬೀಚಿಯವರ ತಿಂಮ ಓದಿ ನಕ್ಕವರಿಗೆ ಕ್ರಿಪ್ಟಿಕ್ ಸುಳಿವು ಬೇಗ ದಕ್ಕುತ್ತದೆ. ಪದವನ್ನು ಒಡೆದು ನೋಡುವ ಚಟ ಎರಡೂ ಕಡೆ ಒಂದೇ.

9. ತಿಳಿಯದಿದ್ದರೆ ಅಲ್ಲೇ ಕೇಳಿಬಿಡಿ

ಇಂಗ್ಲಿಷರೆಲ್ಲರಿಗೂ ಎಲ್ಲ ನುಡಿಗಟ್ಟೂ ಗೊತ್ತು ಅನ್ನುವುದು ನಮ್ಮ ಭ್ರಮೆ. ಪೂರ್ವ ಲಂಡನ್ನಿನ ಕಾಕ್ನಿಗಳ ಪ್ರಾಸದ ಮಾತು ಅವರ ದೇಶದವರಿಗೇ ಒಗಟು. 1859ರಲ್ಲಿ ಜಾನ್ ಕ್ಯಾಮ್ಡೆನ್ ಹಾಟನ್ ತನ್ನ ಆಡುಮಾತಿನ ನಿಘಂಟಿನಲ್ಲಿ ಇವನ್ನು ದಾಖಲಿಸಿದ. ‘ಸ್ಟೇರ್ಸ್’ಗೆ ಪ್ರಾಸ ‘ಪೇರ್ಸ್’, ಆದ್ದರಿಂದ ಮೆಟ್ಟಿಲಿಗೆ ‘ಆ್ಯಪಲ್ಸ್ ಅಂಡ್ ಪೇರ್ಸ್’. ಇಷ್ಟೇ ಆಗಿದ್ದರೆ ಸುಲಭವಿತ್ತು. ಎಷ್ಟೋ ಸಲ ಪ್ರಾಸದ ಪದವನ್ನೇ ನುಂಗಿಬಿಡುತ್ತಾರೆ. ‘ಹೆಡ್’ಗೆ ಪ್ರಾಸ ‘ಲೋಫ್ ಆಫ್ ಬ್ರೆಡ್’. ಅದರಲ್ಲಿ ಬ್ರೆಡ್ ಬಿಟ್ಟು ‘ಯೂಸ್ ಯುವರ್ ಲೋಫ್’ ಅಂದರೆ ತಲೆ ಓಡಿಸು ಅಂತ.

ಹಾಗಾಗಿ ಅರ್ಥವಾಗದೆ ತಲೆಯಾಡಿಸಿ ಸುಮ್ಮನಾಗಬೇಡಿ. ‘ಸಾರಿ, ವಾಟ್ ಡಸ್ ದಟ್ ಮೀನ್?’ ಅನ್ನಿ. ‘ಹ್ಯಾವ್ ಎ ಬುಚರ್ಸ್’ ಅಂದವರನ್ನು ಕೇಳಿದರೆ, ‘ಬುಚರ್ಸ್ ಹುಕ್’, ಅಂದರೆ ಕಟುಕರ ಅಂಗಡಿಯ ಕೊಕ್ಕೆ, ‘ಲುಕ್’ಗೆ ಪ್ರಾಸ, ಅದರ ಬಾಲ ಕತ್ತರಿಸಿದ್ದೇವೆ ಅಂತ ಸಂತೋಷದಿಂದಲೇ ಬಿಡಿಸಿ ಹೇಳುತ್ತಾರೆ. ಅಷ್ಟಕ್ಕೇ ಬಿಡುವವರೂ ಅಲ್ಲ, ಇನ್ನೂ ನಾಲ್ಕು ಹೇಳಿಕೊಟ್ಟು, ನಿಮ್ಮ ಭಾಷೆಯಲ್ಲಿ ಇಂಥದ್ದೇನಿದೆ ಅಂತ ಕೇಳುತ್ತಾರೆ. ಒಂದೆರಡು ಕನ್ನಡದ ಒಗಟು ತಯಾರಿಟ್ಟುಕೊಂಡಿರಿ.