ಏಳು ಲೀಟರ್ ಸಿಮೆಂಟಿಗೆ ಎಷ್ಟು ನೀರು?

ಕಾಂಕ್ರೀಟ್ ಲ್ಯಾಬ್‌ನಲ್ಲಿ ನಮ್ಮ ಬ್ಯಾಚಿನ ಕ್ಯೂಬ್‌ಗಳನ್ನ ಅಚ್ಚಿನಿಂದ ಬಿಚ್ಚಿದಾಗ ಮೈತುಂಬಾ ತೂತು. ತಪ್ಪು ಸಿಮೆಂಟಿನದ್ದಲ್ಲ, ನಮ್ಮದೇ. ಹೈಸ್ಕೂಲಿನ ಅನುಪಾತದ ಲೆಕ್ಕದಲ್ಲಿ ಎಡವಿದ್ವಿ. (ರೇಶಿಯೋಗೆ ಅನುಪಾತ ಅಂತಾರೆ ಅನ್ನೋದೇ ನಮ್ಮಲ್ಲಿ ಕೆಲವರಿಗೆ ಕನ್ನಡ ಕ್ಲಬ್‌ಗೆ ಬಂದ ಮೇಲೆ ಗೊತ್ತಾಗಿದ್ದು.)

ಮೊದಲು ಸುಲಭದ್ದು ನೋಡೋಣ. ಸಿಮೆಂಟ್ ಮತ್ತು ಮರಳು 2:3, ಮರಳು ಮತ್ತು ಜಲ್ಲಿ 1:2. ಮೂರೂ ಸೇರಿದರೆ ಎಷ್ಟು? ಮರಳು ಎರಡರಲ್ಲೂ ಇದೆ, ಆದರೆ ಒಂದರಲ್ಲಿ 3, ಇನ್ನೊಂದರಲ್ಲಿ 1. ಹಾಗೇ ಪಕ್ಕಪಕ್ಕ ಇಟ್ಟು 2:3:2 ಅಂದ್ರೆ ಜಲ್ಲಿ ಮರಳಿಗಿಂತ ಕಡಿಮೆ ಆಗಿಬಿಡುತ್ತೆ. ಎರಡನೇ ಅನುಪಾತವನ್ನ ಪೂರ್ತಿ 3ರಿಂದ ಗುಣಿಸಿ, 3:6 ಆಯ್ತು. ಈಗ ಮರಳು ಎರಡೂ ಕಡೆ 3. ಜೋಡಿಸಿದ್ರೆ 2:3:6, ಅಂದರೆ 1:1.5:3. ಸಿವಿಲ್‌ನವರಿಗೆ ಗೊತ್ತಿರೋ ಎಂ20 ನಾಮಿನಲ್ ಮಿಕ್ಸ್ ಇದೇ.

ಒಂದನ್ನೇ ಗುಣಿಸಿದ್ರೆ ಸಾಲದಿದ್ದಾಗ ಎಲ್‌ಸಿಎಂ ಬೇಕು. ಆಪ್ಟಿಟ್ಯೂಡ್ ಟೆಸ್ಟ್‌ನಲ್ಲಿ ಬರೋ ಥರದ್ದು: ಎ:ಬಿ 3:4, ಬಿ:ಸಿ 6:7. 4 ಮತ್ತು 6ರ ಎಲ್‌ಸಿಎಂ 12. ಮೊದಲನೆಯದನ್ನ 3ರಿಂದ, ಎರಡನೆಯದನ್ನ 2ರಿಂದ ಗುಣಿಸಿದ್ರೆ 9:12:14. ಇಷ್ಟೇ.

ನಾವು ಎಡವಿದ್ದು ಇಲ್ಲಲ್ಲ, ನೀರಿನಲ್ಲಿ. ಅಳತೆ ಡಬ್ಬದಲ್ಲಿ ಸಿಮೆಂಟ್ 7 ಲೀಟರ್, ಮರಳು 10.5, ಜಲ್ಲಿ 21 ಹಾಕಿದ್ವಿ. ನೀರು-ಸಿಮೆಂಟ್ ಅನುಪಾತ 0.5 ಅಂತ ಕೊಟ್ಟಿದ್ರು, ಹಾಗಾಗಿ 3.5 ಲೀಟರ್ ನೀರು ಸುರಿದ್ವಿ. ಸಿಮೆಂಟ್ ಎರಡೂ ಅನುಪಾತದಲ್ಲಿ ಇದೆಯಲ್ಲ, ಜೋಡಿಸೋಕೆ ಇನ್ನೇನು ಬೇಕು ಅನ್ನೋ ಧೈರ್ಯ! ಆದರೆ ನಾವು 1:1.5:3ರಲ್ಲಿ ಸಿಮೆಂಟನ್ನ ಅಳೆದದ್ದು ಗಾತ್ರದಲ್ಲಿ. 0.5 ಅನ್ನೋದು ತೂಕದ ಲೆಕ್ಕ. ಹೆಸರು ಒಂದೇ, ಅಳತೆ ಬೇರೆ.

ಇವೆರಡನ್ನ ಜೋಡಿಸೋ ಕೊಂಡಿ ಸಿಮೆಂಟ್ ಚೀಲ. 50 ಕೆಜಿ ಚೀಲದ ಗಾತ್ರ ಸುಮಾರು 35 ಲೀಟರ್. ಅಂದರೆ ನಮ್ಮ 7 ಲೀಟರ್ ತೂಗಿದ್ರೆ 10 ಕೆಜಿ. ಅದಕ್ಕೆ ಬೇಕಿದ್ದ ನೀರು 5 ಕೆಜಿ, ಅಂದ್ರೆ 5 ಲೀಟರ್. ಒಂದೂವರೆ ಲೀಟರ್ ಕಮ್ಮಿ. ಅನುಪಾತ 0.35ಕ್ಕೆ ಇಳಿದಿತ್ತು. ಮಿಶ್ರಣ ಉದುರು ಉದುರಾಗಿ, ರಾಡ್‌ನಲ್ಲಿ ಎಷ್ಟು ಕುಟ್ಟಿದರೂ ಕೂರಲಿಲ್ಲ. ನೀರು ಕಡಿಮೆಯಾದಷ್ಟೂ ಕಾಂಕ್ರೀಟ್ ಗಟ್ಟಿ ಅಂತ ಥಿಯರಿಯಲ್ಲಿ ಓದಿದ್ದ ನಾವು ಸುಮ್ಮನಾದ್ವಿ. ಸರಿಯಾಗಿ ಕೂತರೆ ಮಾತ್ರ ಗಟ್ಟಿ ಅನ್ನೋದು ಮರೆತೇ ಹೋಗಿತ್ತು.

ಈ ಸಲ ಸಿಮೆಂಟನ್ನ ತೂಗಿಯೇ ಹಾಕಿದ್ವಿ. ಹೊಸ ಆರು ಕ್ಯೂಬ್‌ಗಳು ಈಗ ಕ್ಯೂರಿಂಗ್ ತೊಟ್ಟಿಯಲ್ಲಿವೆ. ಮೂರನ್ನ 7ನೇ ದಿನ ಒಡೀತೀವಿ, ಉಳಿದ ಮೂರನ್ನ 28ನೇ ದಿನ.